ನೀಲಿ ಬೆರಳಿನವಳ ಮಗಳು

ಹೆಣ್ಣುಮಕ್ಕಳ ಪ್ಯಾಡ್ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಭೂತಗನ್ನಡಿ ಎಂದರೆ ಸಾಕು, ಗೇಟಿನ ಕಾವಲುಗಾರನಿಗೂ ಗೊತ್ತಾಗುತ್ತಿತ್ತು. ಬೆಲ್ಟಿನ ಮೇಲೆ ಸಾಲಾಗಿ ಬರುವ ಸರಕಿನಿಂದ ಆಗಾಗ ಒಂದನ್ನು ಎತ್ತಿಕೊಂಡು, ಅಂಚು ಎಳೆದು, ಅಂಟಿನ ಪಟ್ಟಿ ಸುಲಿದು, ಆಮೇಲೆ ಅಳತೆಯ ಲೋಟದಿಂದ ನೀಲಿ ನೀರು ಸುರಿದು, ಎಷ್ಟು ಬೇಗ ಹೀರುತ್ತದೆ, ಹಿಂಬದಿಗೆ ಸೋರುತ್ತದೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಆ ಬಣ್ಣ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಅವಳ ಬಲಗೈ ಬೆರಳ ತುದಿಗಳು ವರ್ಷವಿಡೀ ನೀಲಿಯಾಗಿಯೇ ಇರುತ್ತಿದ್ದವು.

ಸರಕಿನಲ್ಲಿ ತಪ್ಪು ಹುಡುಕಿ ಹುಡುಕಿ ಮನುಷ್ಯರನ್ನು ನೋಡುವಾಗಲೂ ಅವಳಿಗೆ ಅದೇ ಕಣ್ಣು ಬಂದುಬಿಟ್ಟಿತ್ತು. ಮನುಷ್ಯರ ವಿಷಯದಲ್ಲಿ ಕೆಲಸ ಇನ್ನೂ ಸುಲಭ. ನೀರು ಸುರಿಯುವ ಅಗತ್ಯವಿಲ್ಲ, ಬಾಯಿ ಬಿಟ್ಟರೆ ಸಾಕು, ಸೋರುತ್ತಾರೆ.

ಪೆಟ್ಟಿಗೆ ಹೊರುವ ಗಂಡಸರು ಅದನ್ನು ‘ಹತ್ತಿ ಮಾಲು’ ಎನ್ನುತ್ತಿದ್ದರು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು ‘ನಮ್ಮ ಪ್ರಾಡಕ್ಟು’ ಎನ್ನುತ್ತಿದ್ದ. ಅವಳ ಗಂಡ ಅದೇ ಕಂಪನಿಯ ವ್ಯಾನು ಓಡಿಸುತ್ತಿದ್ದ. ಒಳಗೆ ಏನಿದೆ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ‘ಪೇಪರ್ ಐಟಂ’ ಎನ್ನುತ್ತಿದ್ದ. ಈ ಐಟಂ ಮಾರಿದ ದುಡ್ಡಿನಲ್ಲಿ ಮೂರು ಹೊತ್ತು ಉಣ್ಣುವವರಿಗೆ ಅದರ ಹೆಸರು ಹೇಳಲು ಬಾಯಿ ಬರುವುದಿಲ್ಲವೆಂಬುದು ಭೂತಗನ್ನಡಿಗೆ ಮುಗಿಯದ ಮೋಜು.

“ಅಂಗಡೀಗೆ ಹೋಗಿ ಹೇಗೆ ಕೇಳ್ತಾರೆ ಗೊತ್ತೇನ್ರೇ?” ಎಂದು ಟೀ ಹೊತ್ತಿನಲ್ಲಿ ಪ್ಯಾಕಿಂಗ್ ಹೆಂಗಸರ ಮುಂದೆ ನಟಿಸಿ ತೋರಿಸುತ್ತಿದ್ದಳು. ಕಳ್ಳಬೆಕ್ಕಿನ ಹಾಗೆ ಅತ್ತಿತ್ತ ನೋಡಿ, ಕತ್ತು ಕುಗ್ಗಿಸಿ, “‘ಅಣ್ಣಾ, ಅದು ಕೊಡಿ.’ ಯಾವ್ದಮ್ಮಾ? ‘ಅದೇ ಅಣ್ಣಾ, ಅದು.’ ಅವನಿಗೇನು ಕನಸು ಬಿದ್ದಿರುತ್ತಾ? ಬೆಂಕಿಪೊಟ್ಟಣ ಕೊಟ್ಟು ಕಳಿಸ್ತಾನೆ. ಇವಳು ಅದನ್ನೇ ತಗೊಂಡು ಬರ್ತಾಳೆ, ಮಾನ ಉಳೀತು ಅಂತ!”

ಹೆಂಗಸರು ಟೀ ಚೆಲ್ಲುವಷ್ಟು ನಗುತ್ತಿದ್ದರು. ಅವರಲ್ಲಿ ಅರ್ಧ ಜನ ಹಾಗೆಯೇ ಕೇಳುವವರು. ಅದೂ ಅವಳಿಗೆ ಗೊತ್ತಿತ್ತು.

ಅವಳ ಮನೆಯಲ್ಲಿ ಇಂಥ ಮುಚ್ಚುಮರೆ ಇರಲಿಲ್ಲ. ಅಂಚು ಸೊಟ್ಟಗಾದದ್ದು, ಅಂಟು ಹೆಚ್ಚಾದದ್ದು, ಪದರ ಬಿಟ್ಟದ್ದು, ಇಂಥ ಸರಕನ್ನೆಲ್ಲ ಕೆಲಸದವರು ಮನೆಗೆ ಒಯ್ಯಬಹುದಿತ್ತು. ಬಚ್ಚಲಿನ ಬಾಗಿಲ ಹಿಂದೆ ಅದರದೇ ಒಂದು ಮೂಟೆ ನಿಂತಿರುತ್ತಿತ್ತು. ಗಂಡ ಅದರಲ್ಲೇ ವ್ಯಾನಿನ ಗಾಜು ಒರೆಸುತ್ತಿದ್ದ, ಶೂ ಉಜ್ಜುತ್ತಿದ್ದ. ಅಲ್ಲಾಡುವ ಮೇಜಿನ ಕಾಲಡಿಗೂ ಒಂದನ್ನು ಮಡಚಿ ಇಟ್ಟಿದ್ದರು. ಮಗಳು ಅದರ ನಡುವೆಯೇ ತೆವಳಿ, ನಡೆದು, ಓಡಿ, ಹನ್ನೊಂದು ವರ್ಷದವಳಾಗಿದ್ದಳು. ಅವಳಿಗೆ ಪ್ರತ್ಯೇಕವಾಗಿ ಕೂರಿಸಿಕೊಂಡು ಹೇಳುವುದೇನಿದೆ?

ಹಾಗೆ ನೋಡಿದರೆ ಮಗಳು ಒಮ್ಮೆ ಕೇಳಿದ್ದಳು. ಹಿಂದಿನ ವರ್ಷ ಒಂದು ಬೆಳಿಗ್ಗೆ, ಸ್ನಾನ ಮುಗಿಸಿ, ಟವಲು ಸುತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, “ಅಮ್ಮಾ, ಕಂಕುಳಲ್ಲಿ ಕೂದಲು ಬರ್ತಿದೆ. ಗಡ್ಡಾನೂ ಬರುತ್ತಾ?” ಎಂದಿದ್ದಳು.

ಭೂತಗನ್ನಡಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಕ್ಕಿದ್ದಳು. “ಅಯ್ಯೋ ಮಂಕೇ! ಇಷ್ಟೂ ಗೊತ್ತಿಲ್ವಾ?” ಎಂದಿದ್ದಳು. ಉತ್ತರ ಕೊಟ್ಟಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಕಾರ್ಖಾನೆಯಲ್ಲಿ ಆ ಕಥೆ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ, ಅಷ್ಟು ರಂಗೇರಿತ್ತು. ಕೆಲಸದವರ ಮಕ್ಕಳಿಗೆಲ್ಲ ಕಾರ್ಖಾನೆ ತೋರಿಸಿದ ದಿನ ಪ್ಯಾಕಿಂಗ್ ಮೇಜಿನ ಹೆಂಗಸರು ಆ ಹುಡುಗಿಯ ಗಲ್ಲ ಸವರಿ, “ಬಂದ್ರೋ ಗಡ್ಡಪ್ಪನವರು! ಕ್ಷೌರ ಆಯ್ತಾ?” ಎಂದು ಕಿಚಾಯಿಸಿದ್ದರು.

ಅಲ್ಲಿಂದ ಮುಂದೆ ಮಗಳು ಏನನ್ನೂ ಕೇಳಲಿಲ್ಲ. ತಾಯಿ ಅದನ್ನು ಜಾಣತನವೆಂದು ಲೆಕ್ಕ ಹಾಕಿದಳು. ಎಲ್ಲ ಗೊತ್ತಿರುವವರು ಯಾಕೆ ಕೇಳುತ್ತಾರೆ?

ಶಾಲೆಯಲ್ಲಿ ತಾಯಂದಿರನ್ನು ಕರೆದಿದ್ದಾಗ ಅವಳಿಗೆ ಇನ್ನೊಂದು ಹಬ್ಬ. ವಿಜ್ಞಾನದ ಮೇಡಂ ಬೋರ್ಡಿಗೆ ಬೆನ್ನು ಕೊಟ್ಟು, ಎರಡೂ ಕೈಯಲ್ಲಿ ಡಸ್ಟರು ಹಿಡಿದುಕೊಂಡು, ಅಡ್ಡಗೋಡೆಯ ಮೇಲೆ ದೀಪ ಇಡಲು ಶುರುಮಾಡಿದಳು.

“ಆ ಪಾಠ ಮುಂದಿನ ತಿಂಗಳು ಬರುತ್ತೆ. ಅದನ್ನ ಸ್ವಲ್ಪ... ತಾಯಂದಿರೇ ಮನೇಲಿ... ಸೂಕ್ಷ್ಮವಾಗಿ ತಿಳಿಸಿದ್ರೆ ಒಳ್ಳೇದು.”

“ಯಾವ ಪಾಠ ಮೇಡಂ?” ಹಿಂದಿನ ಬೆಂಚಿನಿಂದ ಭೂತಗನ್ನಡಿ ಕೇಳಿದಳು. ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

“ಅದೇ, ಬೆಳವಣಿಗೆ.”

“ಯಾವುದ್ರ ಬೆಳವಣಿಗೆ? ಬಟಾಣಿ ಗಿಡದ್ದಾ?”

ಮುಂದಿನ ಬೆಂಚುಗಳಲ್ಲಿ ಸೆರಗು ಬಾಯಿಗೆ ಹೋದವು. ಮೇಡಂ ಕಿವಿ ಕೆಂಪಗಾಯಿತು. ಓದಿದವಳಂತೆ, ಎಂದುಕೊಂಡಳು ಭೂತಗನ್ನಡಿ. ಇಷ್ಟು ಓದಿ ಒಂದು ಶಬ್ದ ಬಾಯಿಂದ ಹೊರಡಿಸಲು ಆಗದಿದ್ದರೆ ಆ ಓದನ್ನು ಸುಟ್ಟರೆ ಬೂದಿಯೂ ಬರಲಿಕ್ಕಿಲ್ಲ.

ಎಲ್ಲರೂ ಹೊರಟಾಗ ಮೇಡಂ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದಳು. “ನೀವು ಧೈರ್ಯವಾಗಿ ಮಾತಾಡ್ತೀರ, ಒಳ್ಳೇದು. ಮಗಳನ್ನ ಒಂದ್ಸಲ ಕೂರಿಸ್ಕೊಂಡು ಹೇಳಿ. ಗೊತ್ತಿರೋ ಹಾಗೆ ಇರ್ತಾವೆ ಈ ಮಕ್ಕಳು. ಗೊತ್ತಿರಲ್ಲ. ಹೆದರ್ಕೋತಾವೆ.”

“ಮೀನಿನ ಮರೀಗೆ ಈಜು ಕಲಿಸ್ತಾರಾ ಮೇಡಂ?” ಎಂದು ಭೂತಗನ್ನಡಿ ಮೆಟ್ಟಿಲಿಳಿದಳು.

ಇದಾಗಿ ಕೆಲವು ದಿನಗಳ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಪಾಳಿ ಮುಗಿಸಿ ಮನೆಗೆ ಬಂದರೆ ಮಗಳು ಇಲ್ಲ. ಗಂಡ ಟಿವಿ ಮುಂದೆ ಕಾಲು ಚಾಚಿ ಕೂತಿದ್ದ.

“ಎಲ್ಲಿ ಅವಳು?”

“ತಂಗಿ ಮನೇಗೆ ಬಿಟ್ಟು ಬಂದೆ. ಹೊಟ್ಟೆ ನೋವಂತೆ.”

“ಹೊಟ್ಟೆ ನೋವಿಗೆ ಚಪ್ಪಲಿ ಅಂಗಡಿಯವಳು ಏನ್ ಮಾಡ್ತಾಳೆ? ಅಳತೆ ತಗೋತಾಳಾ?”

“ಅವಳೇ ಅಂದ್ಲು ಕಣೇ. ಅತ್ತೆ ಹತ್ರ ಬಿಡು, ಅಮ್ಮಂಗೆ ಹೇಳ್ಬೇಡ ಅಂತ.” ಹೇಳಬೇಡ ಎಂದದ್ದನ್ನೇ ಹೇಳಿಬಿಟ್ಟೆನೆಂದು ಅವನಿಗೆ ಆಗ ಹೊಳೆಯಿತು. ರಿಮೋಟು ಎತ್ತಿಕೊಂಡು ಟಿವಿಯ ಸದ್ದು ಏರಿಸಿದ. ಗಂಡಸರ ಪೌರುಷ ಇಂಥ ಹೊತ್ತಿನಲ್ಲಿ ರಿಮೋಟಿನ ಗುಂಡಿಯಲ್ಲಿರುತ್ತದೆ.

ಭೂತಗನ್ನಡಿ ಚಪ್ಪಲಿ ಬಿಡದೆ ಹಾಗೆಯೇ ಹೊರಟಳು. ದಾರಿಯುದ್ದಕ್ಕೂ ಅವಳನ್ನು ಕುಟುಕಿದ್ದು ಮಗಳ ಹೊಟ್ಟೆನೋವಲ್ಲ. ಅಮ್ಮಂಗೆ ಹೇಳ್ಬೇಡ! ಅದೂ ಆ ಪಿಸುಗುಮ್ಮಿಯ ಹತ್ತಿರ ಹೋಗಿ!

ಪಿಸುಗುಮ್ಮಿ ಎಂದರೆ ಅವಳ ನಾದಿನಿ, ಗಂಡನ ತಂಗಿ. ಆ ಹೆಸರಿಟ್ಟವಳು ಭೂತಗನ್ನಡಿಯೇ. ಒಂಟಿ ಹೆಂಗಸು. ಚಪ್ಪಲಿ ಅಂಗಡಿಯಲ್ಲಿ ಮಂಡಿಯೂರಿ ಕೂತು ಗಿರಾಕಿಗಳ ಕಾಲಿಗೆ ಜೋಡು ತೊಡಿಸಿ ನೋಡುವ ಕೆಲಸ, ಅದೇ ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ. ಅವಳು ಯಾವ ಮಾತನ್ನೂ ದನಿ ಎತ್ತರಿಸಿ ಆಡಿದವಳಲ್ಲ. ಬಸ್ಸು ಬಂತು ಎನ್ನುವುದನ್ನೂ ಯಾರದೋ ಸಾವಿನ ಸುದ್ದಿಯಂತೆ ಪಿಸುಗುಟ್ಟುತ್ತಿದ್ದಳು. ಆ ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು.

ಕೋಣೆಯ ಬಾಗಿಲು ಅರೆತೆರೆದಿತ್ತು. ಗೋಡೆಗೆ ಒತ್ತಿ ಜೋಡಿಸಿದ ಖಾಲಿ ಜೋಡಿನ ಡಬ್ಬಿಗಳು, ಕಿಟಕಿಯ ಸರಳಿಗೆ ಒಗೆದು ಹಾಕಿದ ಒಂದು ಶಾಲೆಯ ಲಂಗ, ಒಂಟಿ ಮಂಚ. ಮಂಚದ ಮೇಲೆ ಮಗಳು ಗೋಡೆಯ ಕಡೆ ಮುಖ ಮಾಡಿ, ಅತ್ತೆಯ ದೊಗಲೆ ನೈಟಿಯೊಳಗೆ ಮುದುಡಿ ಮಲಗಿದ್ದಳು. ನಾದಿನಿ ಎದ್ದು ಬಾಗಿಲಿಗೆ ಬಂದಳು.

“ಅತ್ತಿಗೆ... ಅವಳಿಗೆ... ಶುರುವಾಗಿದೆ.”

“ಏನು ಶುರುವಾಗಿದೆ? ಸಿನಿಮಾನಾ?”

“ಮುಟ್ಟು,” ಎಂದಳು ನಾದಿನಿ, ತುಟಿ ಮಾತ್ರ ಅಲ್ಲಾಡಿಸಿ.

ಭೂತಗನ್ನಡಿ ಮಂಚದ ಕಡೆ ಒಂದು ಹೆಜ್ಜೆ ಇಟ್ಟಳು. ಆದರೆ ನಾಲಗೆ ಹಳೆಯ ಹಾದಿಯನ್ನೇ ಹಿಡಿಯಿತು. “ಅಷ್ಟಕ್ಕೆ ಇಷ್ಟು ನಾಟಕಾನಾ? ಮನೇಲಿ ಮೂಟೆಗಟ್ಟಲೆ ಬಿದ್ದಿದೆ! ಎದ್ದು ಒಂದು ತಗೊಂಡಿದ್ರೆ ಆಗ್ತಿತ್ತು. ಏನ್ ಇಟ್ಕೊಂಡು ಬಂದ್ಲು ಇಲ್ಲಿಗೆ?”

ನಾದಿನಿ ಮಂಚದ ಕೆಳಗಿನ ಬಕೆಟ್ಟನ್ನು ನೋಡಿದಳು. ಅದರಲ್ಲಿ ಅವಳ ಅಣ್ಣನ ಒಂದು ಕಾಲುಚೀಲ ನೆನೆಯುತ್ತಿತ್ತು.

ಭೂತಗನ್ನಡಿ ಆ ಕಾಲುಚೀಲವನ್ನೇ ದಿಟ್ಟಿಸಿದಳು. ಮೂಟೆಯ ಪಕ್ಕದಲ್ಲೇ ಹಾದು, ಅಪ್ಪನ ಕಾಲುಚೀಲ ಮಡಚಿ ಇಟ್ಟುಕೊಂಡು, ಅಪ್ಪನ ಪಕ್ಕವೇ ವ್ಯಾನಿನಲ್ಲಿ ಕೂತು ಬಂದಿದ್ದಾಳೆ ತನ್ನ ಮಗಳು.

“ಯಾಕೇ? ಅಷ್ಟು ಇಟ್ಕೊಂಡು ಯಾಕೆ ಮುಟ್ಲಿಲ್ಲ ನೀನು?”

ಮಗಳು ಗೋಡೆಗೇ ಹೇಳಿದಳು. “ಅದು ಅದಕ್ಕಲ್ವಾ? ನಂಗೆ ಬಂದಿದ್ದು ಅದಲ್ಲ.”

“ಅದಲ್ಲ ಅಂದ್ರೆ?”

“ನಂದು ಕಂದು ಬಣ್ಣ ಇತ್ತು. ಆಮೇಲೆ ಕೆಂಪು ಆಯ್ತು.”

“ಮತ್ತೆ ಹಸಿರು ಬರುತ್ತಾ?”

“ನೀಲಿ,” ಎಂದಳು ಮಗಳು.

ಕೆಳಗೆ ಅಂಗಡಿಯಲ್ಲಿ ಯಾರೋ ಹೊಸ ಜೋಡು ತೊಟ್ಟು ನೆಲಕ್ಕೆ ಕುಟ್ಟಿ ನೋಡುತ್ತಿದ್ದರು.

“ಟಿವೀಲೂ ನೀಲೀನೇ ತೋರಿಸ್ತಾರೆ. ನಿನ್ನ ಕೈ ದಿನಾ ನೀಲಿಯಾಗಿರುತ್ತೆ. ನಂದು ಬೇರೆ ಬಂತು. ಒಳಗೆ ಏನೋ ಹರಿದುಹೋಗಿದೆ ಅಂದ್ಕೊಂಡೆ. ಸತ್ತುಹೋಗ್ತೀನಿ ಅಂದ್ಕೊಂಡೆ.”

ಭೂತಗನ್ನಡಿಗೆ ನಗು ಬಂತು. ಬಾರದೆ ಏನು ಮಾಡೀತು? ಇಂಥದ್ದನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಹೊಟ್ಟೆಯೊಳಗಿಂದ ಎದ್ದು, ಗಂಟಲಿಗೆ ಬಂದು, ಮೂಗಿನಿಂದ ಸಿಡಿಯಿತು. ಮಗಳು ತಿರುಗಿ ನೋಡಿದಳು. ಅತ್ತೂ ಅತ್ತೂ ಊದಿದ ಆ ಮುಖ ತಾಯಿಯ ಕಣ್ಣೆದುರಿಗೇ ಬಾಗಿಲಿನಂತೆ ಮುಚ್ಚಿಕೊಂಡಿತು.

“ನಗ್ಬೇಡಿ ಅತ್ತಿಗೆ!”

ದನಿ ಎಲ್ಲಿಂದ ಬಂತೆಂದು ತಿಳಿಯಲು ಭೂತಗನ್ನಡಿಗೆ ಕೊಂಚ ಹೊತ್ತು ಹಿಡಿಯಿತು. ಕೂಗಿದ್ದು ಪಿಸುಗುಮ್ಮಿ. ಕೂಗಿ ತಾನೇ ಹೆದರಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೆಳಗೆ ಜೋಡು ಕುಟ್ಟುವ ಸದ್ದೂ ನಿಂತಿತು.

“ಇದೊಂದು ಬಾಕಿ ಇತ್ತು,” ಎಂದಳು ಭೂತಗನ್ನಡಿ. “ಇವಳಿಗೆ ನೀಲಿ ರಕ್ತ, ನಿಂಗೆ ಗಂಟಲು. ಒಂದೇ ದಿನ ಎರಡೂ ಬಂತು.” ನಾದಿನಿಯ ಕಡೆ ತಿರುಗಿದಳು. “ಇಷ್ಟೊತ್ತು ಏನ್ ಹೇಳಿದೀಯ ಅವಳಿಗೆ?”

“ಸಾಯಲ್ಲ ಅಂತ ಹೇಳಿದೀನಿ. ಎಲ್ರಿಗೂ ಆಗುತ್ತೆ, ನಂಗೂ ಆಗುತ್ತೆ ಅಂದೆ. ಬಟ್ಟೆ ಬದಲಾಯಿಸ್ದೆ, ನನ್ನ ಹತ್ರ ಇದ್ದಿದ್ದು ಕೊಟ್ಟೆ. ಮಿಕ್ಕಿದ್ದು ನೀವೇ ಹೇಳಿ.”

“ಬೇಡ,” ಎಂದಳು ಮಗಳು. “ಅಮ್ಮ ಹೋಗಿ ಫ್ಯಾಕ್ಟರಿ ಲೈನಲ್ಲಿ ಹೇಳ್ತಾಳೆ. ಎಲ್ರೂ ನಗ್ತಾರೆ. ಗಡ್ಡದ ಥರಾನೇ.”

ಅದಕ್ಕೊಂದು ಎದುರುತ್ತರ ಭೂತಗನ್ನಡಿಯ ಬಳಿ ಇರಬೇಕಿತ್ತು. ಯಾವ ಮಾತಿಗೂ ಅವಳ ಬಳಿ ಇರುತ್ತಿತ್ತು. ಆದರೆ ಈಗಷ್ಟೇ, ಮಗಳು ನೀಲಿ ಎಂದ ಗಳಿಗೆಯಲ್ಲೇ, ಸೋಮವಾರ ಟೀ ಹೊತ್ತಿಗೆ ಇದನ್ನು ಹೇಗೆ ಶುರುಮಾಡಬೇಕೆಂದು ಅವಳ ತಲೆಯಲ್ಲಿ ಆಗಲೇ ಕಟ್ಟಿಯಾಗಿತ್ತು.

ಮಂಚದ ಅಂಚಿನಲ್ಲಿ ಕೂತಳು. “ಸರಿ. ಕೇಳು, ಹೇಳ್ತೀನಿ. ಪ್ಯಾಡಿನ ಮೇಲೆ ಒಂದು ತೆಳು ಪದರ ಇರುತ್ತೆ, ಅದರ ಕೆಳಗೆ ಹತ್ತಿ, ಅದರ ಕೆಳಗೆ...”

“ಅದಲ್ಲ. ಅದು ನಂಗೊತ್ತು. ರಕ್ತ ಎಲ್ಲಿಂದ ಬರುತ್ತೆ? ಯಾಕೆ ಬರುತ್ತೆ?”

“ಯಾಕೆ ಅಂದ್ರೆ, ಕೆಟ್ಟ ರಕ್ತ ಇರುತ್ತೆ. ಅದು ತಿಂಗಳಿಗೊಂದ್ಸಲ ಹೊರಗೆ ಹೋಗುತ್ತೆ.”

ಮಗಳು ಅದನ್ನು ಯೋಚಿಸಿದಳು. “ನನ್ನೊಳಗೆ ಕೆಟ್ಟದ್ದು ಏನಿತ್ತು?”

ಭೂತಗನ್ನಡಿ ಎಷ್ಟೋ ಜನರ ಅಜ್ಞಾನವನ್ನು ಬೆಳಕಿಗೆ ಹಿಡಿದು ನೋಡಿದವಳು. ತನ್ನದನ್ನು ಹಾಗೆ ಹಿಡಿದದ್ದು ಇದೇ ಮೊದಲು. ಕೆಟ್ಟ ರಕ್ತ ಎಂದು ಅವಳಿಗೆ ಹೇಳಿದ್ದು ಅವಳ ಅಮ್ಮ, ಬೆನ್ನು ಹಾಕಿ ನಿಂತು, ಪಾತ್ರೆ ತಿಕ್ಕುತ್ತಾ. ಅದರ ಮೇಲೆ ಇಷ್ಟು ವರ್ಷ ಅವಳು ಒಂದು ತೊಟ್ಟು ನೀರೂ ಸುರಿದು ನೋಡಿರಲಿಲ್ಲ. ಪ್ಯಾಡು ಎಷ್ಟು ಹೀರುತ್ತದೆಂದು ಗೊತ್ತಿತ್ತು. ಏನನ್ನು ಹೀರುತ್ತದೆಂದು ಗೊತ್ತಿರಲಿಲ್ಲ. ಅವಳು ಮೇಡಂನನ್ನು ಆಡಿಕೊಂಡಿದ್ದಳು. ಮೇಡಂಗೆ ಗೊತ್ತಿದ್ದೂ ಬಾಯಿ ಬರಲಿಲ್ಲ. ತನಗೆ ಬಾಯಿ ಇದೆ, ಹೇಳಲು ಬೇರೇನೂ ಇಲ್ಲ. ಯಾವುದು ಹೆಚ್ಚು ನಗೆಪಾಟಲು?

“ಗೊತ್ತಿಲ್ಲ ಕಣೇ,” ಎಂದಳು. ಆ ಮಾತಿಗೆ ನಾಲಗೆ ಒಗ್ಗಿರಲಿಲ್ಲ, ಹಲ್ಲಿಗೆ ತಾಗಿ ತಾಗಿ ಬಂತು.

“ಕೆಟ್ಟ ರಕ್ತ ಅಲ್ಲ ಅತ್ತಿಗೆ,” ಎಂದು ನಾದಿನಿ ಪಿಸುಗುಟ್ಟಿದಳು. ದನಿ ಮತ್ತೆ ತನ್ನ ಗೂಡಿಗೆ ಸೇರಿತ್ತು.

“ಏನಂದೆ?”

“ಕೆಟ್ಟದ್ದಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ವರ್ಷ ನಂಗೆ ಜಾಸ್ತಿ ಹೋಗ್ತಿತ್ತು, ಆಗ ಡಾಕ್ಟರಮ್ಮನ್ನ ಕೇಳ್ದೆ.”

“ನೀನು ಕೇಳಿದ್ಯಾ? ಬಾಯಿ ಬಿಟ್ಟು?”

“ಮೂರನೇ ಸಲ ಹೋದಾಗ ಕೇಳ್ದೆ. ಮೊದಲೆರಡು ಸಲ ತಲೆನೋವು ಅಂತ ಹೇಳಿ ಬಂದ್ಬಿಟ್ಟೆ.”

ಆಮೇಲೆ ಅವಳು ಹೇಳಿದಳು. ಕೇಳಿಸಿಕೊಳ್ಳಲು ಭೂತಗನ್ನಡಿ ಬಾಗಬೇಕಾಯಿತು, ಬಾಗಿ ಕಿವಿಯನ್ನು ಅವಳ ಬಾಯಿಗೆ ಒಡ್ಡಬೇಕಾಯಿತು. ಯಾರ ಮಾತನ್ನು ಇಷ್ಟು ವರ್ಷ ಕೇಳಿಸಲಿಲ್ಲ ಕೇಳಿಸಲಿಲ್ಲ ಎಂದು ರೇಗಿಸಿದ್ದಳೋ ಅವಳ ಬಾಯಿಗೆ. ಮಗಳೂ ಎದ್ದು ಕೂತು, ಇನ್ನೊಂದು ಬದಿಯಿಂದ ತಲೆ ತೂರಿಸಿದಳು. ಹೊಟ್ಟೆಯ ಕೆಳಭಾಗದಲ್ಲಿ ಮುಷ್ಟಿಯಷ್ಟು ದೊಡ್ಡ ಒಂದು ಚೀಲ ಇರುತ್ತದೆ, ಅದೇ ಗರ್ಭಕೋಶ. ಎಂದಾದರೂ ಮಗು ಬೆಳೆಯಬೇಕಾದೀತೆಂದು ಅದು ತಿಂಗಳು ತಿಂಗಳೂ ಒಳಗೆ ಮೆತ್ತನೆಯ ಪದರ ಕಟ್ಟಿಕೊಳ್ಳುತ್ತದೆ. ಮಗು ಇಲ್ಲದಿದ್ದಾಗ ಆ ಪದರ ಬೇಡವಾಗಿ, ಕಳಚಿ, ರಕ್ತದ ಜೊತೆ ಕೆಳಗಿಳಿಯುತ್ತದೆ. ರಕ್ತ ಒಳ್ಳೆಯದೇ, ಕೈಯಲ್ಲಿ ಕಾಲಲ್ಲಿ ಹರಿಯುವಂಥದ್ದೇ. ನಿಧಾನವಾಗಿ ಬಂದರೆ ಕಂದಾಗಿ ಕಾಣುತ್ತದೆ. ಚೀಲ ಹಿಂಡಿಕೊಳ್ಳುವುದರಿಂದ ನೋವು. ಕೆಲವು ದಿನ ಇದ್ದು ನಿಲ್ಲುತ್ತದೆ. ಮೊದಮೊದಲು ತಿಂಗಳು ತಪ್ಪಿಯೂ ಬರಬಹುದು, ಹೆದರಬೇಕಿಲ್ಲ. ತೀರಾ ಹೆಚ್ಚು ಹೋದರೆ, ನೋವು ತಡೆಯಲಾಗದಿದ್ದರೆ ಡಾಕ್ಟರಿಗೆ ಹೇಳಬೇಕು.

“ಮೊದಲನೇ ಸಲಾನೇ ಹೇಳ್ಬೇಕು,” ಎಂದು ಸೇರಿಸಿದಳು ನಾದಿನಿ. “ತಲೆನೋವು ಅನ್ಬಾರ್ದು.”

“ಇದನ್ನ ನಂಗೆ ಯಾಕೆ ಯಾವತ್ತೂ ಹೇಳ್ಲಿಲ್ಲ ನೀನು?” ಭೂತಗನ್ನಡಿ ಕೇಳಿದಳು.

“ನೀವು ಕೇಳ್ಲಿಲ್ಲ,” ಎಂದಳು ನಾದಿನಿ. ಅಷ್ಟೇ. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ತಿರುಗಿ ಚುಚ್ಚಬಹುದಿತ್ತು.

ಸೋಮವಾರ ಟೀ ಹೊತ್ತಿಗೆ ಪ್ಯಾಕಿಂಗ್ ಹೆಂಗಸರು ಎಂದಿನಂತೆ ಸುತ್ತ ನೆರೆದರು. ಮಗಳು ದೊಡ್ಡವಳಾದ ಸುದ್ದಿ ಪೇಪರ್ ಐಟಂ ಸಾಗಿಸುವ ಗಂಡನ ಬಾಯಿಂದ ಆಗಲೇ ಸೋರಿಹೋಗಿತ್ತು.

“ಏನಮ್ಮಾ, ಗಡ್ಡಪ್ಪನವರು ದೊಡ್ಡವರಾದ್ರಂತೆ? ಏನಂದ್ಲು? ಅತ್ಲಾ? ಏನಾದ್ರೂ ಮಜವಾಗಿ ಅಂದೇ ಅಂದಿರ್ತಾಳೆ, ಹೇಳೇ!”

ಮಾತು ನಾಲಗೆಯ ತುದಿಯಲ್ಲೇ ಕೂತಿತ್ತು. ಇಡೀ ಕಾರ್ಖಾನೆಯಲ್ಲಿ ಇದರಷ್ಟು ಹೇಳಿ ಮಾಡಿಸಿದ ಹಾಸ್ಯ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ನೀಲಿ ನೀರಿನ ಲೋಟ ಪಕ್ಕದಲ್ಲೇ ಇತ್ತು, ಬೊಟ್ಟು ಮಾಡಿ ತೋರಿಸಿದರೂ ಸಾಕಿತ್ತು. ಒಬ್ಬಳು ನಗಲು ಆಗಲೇ ಬಾಯಿ ಅರ್ಧ ತೆರೆದು ಕಾಯುತ್ತಿದ್ದಳು.

“ಏನೂ ಅನ್ಲಿಲ್ಲ,” ಎಂದಳು ಭೂತಗನ್ನಡಿ.

“ಸುಳ್ಳು!”

“ಅವಳ ಸುದ್ದಿ ಬಿಡಿ. ನಿಮ್ಮಲ್ಲಿ ಯಾರಿಗೆ ಗೊತ್ತು, ಆ ರಕ್ತ ಎಲ್ಲಿಂದ ಬರುತ್ತೆ ಅಂತ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. “ಕೆಟ್ಟ ರಕ್ತ ಅಲ್ವಾ ಅದು?” ಎಂದಳು ಬಾಯಿ ತೆರೆದಿದ್ದವಳು.

“ಕೆಟ್ಟಿರೋದು ನಿನ್ನ ತಲೆ,” ಎಂದು ಭೂತಗನ್ನಡಿ ಬೆಲ್ಟಿನ ಕಡೆ ಹೊರಟಳು. ಬಿರುಸು ಬಂದಿದೆಯಲ್ಲ ಇವಳಿಗೆ, ಮಗಳು ದೊಡ್ಡವಳಾದರೆ ತಾಯಿಗೆ ಕೋಡು, ಎಂದು ಹಿಂದಿನಿಂದ ಯಾರೋ ಅಂದರು. ಬೇರೆ ದಿನವಾಗಿದ್ದರೆ ತಿರುಗಿ ನಾಲ್ಕು ಬಿಗಿಯುತ್ತಿದ್ದಳು.

ಸಂಜೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು, ಒಳಗೆ ಬರಲಿಲ್ಲ.

“ಹೇಳಿದ್ಯಾ?”

“ಇಲ್ಲ.”

“ನಿಜವಾಗ್ಲೂ?”

“ಪ್ರಾಣ ಹೋಗೋ ಹಾಗಾಯ್ತು. ಆದ್ರೂ ಹೇಳ್ಲಿಲ್ಲ.”

ಮಗಳು ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಒಂದು ಹೆಜ್ಜೆ ಒಳಗಿಟ್ಟಳು. “ಒಂದು ಕೇಳ್ಲಾ? ನಗ್ಬಾರ್ದು.”

“ಕೇಳು.”

“ಗಂಡಸರಿಗೆ ಏನಾಗುತ್ತೆ ಹಾಗಾದ್ರೆ? ಅಪ್ಪಂಗೂ ಏನಾದ್ರೂ ಆಗಿತ್ತಾ?”

ಭೂತಗನ್ನಡಿಯ ಮೂಗಿನ ಹೊಳ್ಳೆ ಅರಳಿತು. ಅವಳು ಒಲೆಯ ಕಡೆ ತಿರುಗಿ, ಕೆಳತುಟಿ ಕಚ್ಚಿ ಹಿಡಿದು, ಉರಿಯನ್ನು ಸುಮ್ಮನೆ ಒಮ್ಮೆ ಸಣ್ಣದು ಮಾಡಿ ಒಮ್ಮೆ ದೊಡ್ಡದು ಮಾಡಿ, ಮುಖ ಸರಿಯಾದ ಮೇಲೆ ತಿರುಗಿದಳು.

“ಮೀಸೆ ಬಂತು, ಧ್ವನಿ ಒಡೀತು, ಎತ್ತರ ಆದ್ರು. ಬುದ್ಧಿ ಬರೋದೊಂದು ಬಾಕಿ ಇದೆ.”

ಹೊರಗಿನ ಕೋಣೆಯಲ್ಲಿ ಟಿವಿಯ ಸದ್ದು ತಟ್ಟನೆ ಏರಿತು. ಮಗಳು ಕಿಸಕ್ಕನೆ ನಕ್ಕಳು. ಶನಿವಾರದಿಂದೀಚೆಗೆ ಅದೇ ಮೊದಲು. ನಕ್ಕು, ಬಂದು ಕಟ್ಟೆಗೆ ಒರಗಿ ನಿಂತು, ಈ ಸಲ ಅಪ್ಪಣೆ ಬೇಡದೆ ಇನ್ನೊಂದು ಕೇಳಿದಳು. “ಮಗು ಬೇಡ ಅಂತ ಆ ಚೀಲಕ್ಕೆ ಹೇಗೆ ಗೊತ್ತಾಗುತ್ತೆ? ಯಾರು ಹೇಳ್ತಾರೆ ಅದಕ್ಕೆ?”

“ಗೊತ್ತಿಲ್ಲ,” ಎಂದಳು ತಾಯಿ. ಈ ಸಲ ಅದು ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮುಂದಿನ ಮಾತು. “ನಾಳೆ ಶಾಲೆ ಬಿಡೋ ಹೊತ್ತಿಗೆ ಬರ್ತೀನಿ. ನಿಮ್ಮ ಮೇಡಂನ ಕೇಳೋಣ. ನಾನೇ ಕೇಳ್ತೀನಿ.”

“ಬಟಾಣಿ ಗಿಡ ಅನ್ನಲ್ಲ ತಾನೇ? ಅವರ ಮಗಳು ನನ್ನ ಕ್ಲಾಸಲ್ಲೇ ಇದಾಳೆ. ನಂಗೆ ಎಲ್ಲಾ ಹೇಳಿದ್ಲು.”

“ಅನ್ನಲ್ಲ,” ಎಂದಳು ಭೂತಗನ್ನಡಿ. “ಅವರು ಆ ಡಸ್ಟರು ಕೆಳಗಿಟ್ಟು ಮಾತಾಡಿದ್ರೆ.”

“ಅಮ್ಮಾ!”

“ಆಯ್ತು ಕಣೇ. ಹಿಡ್ಕೊಂಡೇ ಮಾತಾಡ್ಲಿ.”